ಮೊಬೈಲ್ ಪರದೆಯ ಪದರಗಳು ಮತ್ತು ಬಾರ್ಡರ್‌ಗಳು

ಮೊಬೈಲ್ ಆ್ಯಪ್‌ನ ಪರದೆಯಲ್ಲಿ ಕಾಣುವ ಬರಹ, ಚಿತ್ರ, ಬಟನ್, ನಕ್ಷೆ, ಕಾರ್ಡ್ ಪ್ರತಿಯೊಂದೂ ಒಂದೊಂದು ಆಯತ. ಪ್ರೋಗ್ರಾಮರುಗಳು ಇದನ್ನು ವ್ಯೂ ಎನ್ನುತ್ತಾರೆ. ಯಾವ ವ್ಯೂ ಮೇಲೆ ಬರಬೇಕು, ಯಾವುದು ಅಡಿಗೆ ಹೋಗಬೇಕು, ಮೇಲಿನದು ಅಡಿಯದನ್ನು ಎಷ್ಟು ಮುಚ್ಚಬೇಕು, ಬೆರಳು ತಾಗಿದಾಗ ಯಾವುದು ಓಗೊಡಬೇಕು ಎಂದು ತೀರ್ಮಾನಿಸುವ ಕೆಲಸ ಪದರ ಜೋಡಣೆ. ವ್ಯೂ ಎಲ್ಲಿ ಮುಗಿಯುತ್ತದೆ ಎಂದು ತೋರಿಸುವ ಗೆರೆ ಬಾರ್ಡರ್. ಇವೆರಡೂ ಆ್ಯಪ್ ಬರೆಯಲು ಕಲಿಯುವವರು ಮೊದಲ ವಾರವೇ ಬಳಸುವ ಸಂಗತಿಗಳು. ಆದರೂ ಅನುಭವಸ್ಥರ ಕೋಡ್‌ನಲ್ಲೂ ಇಲ್ಲಿ ದೋಷಗಳು ಹುಟ್ಟುತ್ತವೆ. ಕನ್ನಡದಲ್ಲಿ ಓದಬೇಕಾದ ಪರದೆಗಳಲ್ಲಂತೂ ಬಾರ್ಡರ್ ಅಲಂಕಾರದ ಮಾತಲ್ಲ, ಅಕ್ಷರ ಉಳಿಯುತ್ತದೆಯೋ ಕತ್ತರಿಸಿಹೋಗುತ್ತದೆಯೋ ಎಂಬ ಪ್ರಶ್ನೆ.

ಶಿವಾಜಿನಗರ ಬಸ್ ನಿಲ್ದಾಣದಿಂದ ಹಲಸೂರಿಗೆ ಆಟೊ ಕರೆಯುವವರ ಪರದೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ತಳದಲ್ಲಿ ನಕ್ಷೆ, ನಕ್ಷೆಯ ಮೇಲೆ ದಾರಿಯ ಗೆರೆ, ಗೆರೆಯ ತುದಿಯಲ್ಲಿ ಪಿನ್, ಅದರ ಮೇಲೆ ತೇಲುವ 'ನಾನಿರುವ ಸ್ಥಳ' ಬಟನ್, ಎಲ್ಲಕ್ಕಿಂತ ಮೇಲೆ ಪರದೆಯ ಬುಡದಿಂದ ಏರಿಬರುವ ಕಾರ್ಡ್. ಕಾರ್ಡಿನೊಳಗೆ ದರ, ಕಾಯುವ ಸಮಯ, ಒಪ್ಪಿಗೆಯ ಬಟನ್. ಆಟೊ ಚಾಲಕರ ಸಂಘದ ಜೊತೆ ಸೇರಿ ಬೆಂಗಳೂರಿನ ಜಸ್‌ಪೇ ಸಂಸ್ಥೆ 2022ರ ನವೆಂಬರ್‌ನಲ್ಲಿ ಹೊರತಂದ 'ನಮ್ಮ ಯಾತ್ರಿ' ಇಂಥ ರಚನೆಯ ಆ್ಯಪ್. ಅದರ ಕೋಡ್ ಮುಕ್ತವಾಗಿರುವುದರಿಂದ, ದಿನವೂ ಬಳಸುವ ಪರದೆಯನ್ನು ಒಳಗಿನಿಂದ ನೋಡುವ ಅವಕಾಶ ವಿದ್ಯಾರ್ಥಿಗಳಿಗೂ ಇದೆ.

ಹಿನ್ನೆಲೆ

ಒಂದರ ಮೇಲೊಂದು ಬೀಳುವ ವಿಂಡೋಗಳು ರೂಪುಗೊಂಡದ್ದು 1970ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದ ಸ್ಮಾಲ್‌ಟಾಕ್ ವ್ಯವಸ್ಥೆಯಲ್ಲಿ. ದೂರದ್ದನ್ನು ಮೊದಲು ಬರೆದು, ಹತ್ತಿರದ್ದನ್ನು ಅದರ ಮೇಲೆ ಬರೆಯುವ ವಿಧಾನವನ್ನು ನ್ಯೂವೆಲ್ ಸೋದರರು ಮತ್ತು ಸಾಂಚಾ 1972ರಲ್ಲಿ ಗಣಕ ಚಿತ್ರಣಕ್ಕೆ ತಂದರು. ಚಿತ್ರಕಾರನ ಕ್ರಮ ಎಂಬ ಹೆಸರು ಅದಕ್ಕೆ ನಿಂತಿತು. ಅರೆಪಾರದರ್ಶಕ ಪದರಗಳನ್ನು ಬೆರೆಸುವ ಗಣಿತವನ್ನು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ಪ್ರಕಟಿಸಿದರು. ಇವತ್ತಿನ ಪ್ರತಿ ಫೋನಿನ ಚಿತ್ರಣ ಯಂತ್ರದಲ್ಲೂ ಅದೇ ಸೂತ್ರಗಳಿವೆ. ಮೂಲೆ ದುಂಡಗಿರುವ ಆಯತವನ್ನು ವೇಗವಾಗಿ ಬರೆಯುವ ಸೌಲಭ್ಯವನ್ನು ಆಪಲ್‌ನ ಬಿಲ್ ಅಟ್ಕಿನ್ಸನ್ ಕ್ವಿಕ್‌ಡ್ರಾ ಎಂಬ ತಂತ್ರಾಂಶದಲ್ಲಿ ಮಾಡಿಕೊಟ್ಟರು. 1984ರ ಮ್ಯಾಕಿಂಟಾಷ್ ಅದನ್ನು ಜನರ ಕಣ್ಣಿಗೆ ರೂಢಿ ಮಾಡಿತು.

ಮೊಬೈಲಿನ ಕಾಲ ಶುರುವಾದದ್ದು ಅದಾದ ಎರಡು ದಶಕಗಳ ಮೇಲೆ. ಪದರಗಳನ್ನು ಜೋಡಿಸಿ ಚಲಿಸುವ ಆಪಲ್‌ನ ಕೋರ್ ಆನಿಮೇಷನ್ 2007ರಲ್ಲಿ ಬಂತು. ಮರು ವರ್ಷ ಆ್ಯಂಡ್ರಾಯ್ಡ್ ಫೋನು ಮಾರುಕಟ್ಟೆಗೆ ಬಂತು. ಮುಂದೆ ಆ್ಯಪ್‌ನ ಪರದೆ ಕಟ್ಟುವ ಸಾಧನಗಳಾದ ರಿಯಾಕ್ಟ್ ನೇಟಿವ್ 2015ರಲ್ಲಿ, ಫ್ಲಟರ್‌ನ ಮೊದಲ ಸ್ಥಿರ ಆವೃತ್ತಿ 2018ರಲ್ಲಿ, ಸ್ವಿಫ್ಟ್‌ಯುಐ 2019ರಲ್ಲಿ, ಜೆಟ್‌ಪ್ಯಾಕ್ ಕಂಪೋಸ್‌ನ ಸ್ಥಿರ ಆವೃತ್ತಿ 2021ರಲ್ಲಿ ಬಂದವು.

ಪದರಗಳಲ್ಲಿ ಯೋಚಿಸುವ ತಂತ್ರಾಂಶ ಬೆಂಗಳೂರಿನ ದಂಡು ಪ್ರದೇಶಕ್ಕೆ ಮೊಬೈಲಿಗಿಂತ ಬಹಳ ಮೊದಲೇ ಬಂದಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ತನ್ನ ಕೇಂದ್ರ ತೆರೆಯಿತು. ಚಿಪ್ ವಿನ್ಯಾಸಕ್ಕೆ ಬೇಕಾದ ತಂತ್ರಾಂಶ ಬರೆಯುವುದು ಅಲ್ಲಿನ ಮೊದಮೊದಲ ಕೆಲಸಗಳಲ್ಲಿ ಒಂದು. ಚಿಪ್ಪಿನ ನಕಾಶೆ ಪದರ ಪದರವಾಗಿ ಬರೆಯುವಂಥದ್ದು. ಯಾವ ಪದರ ಯಾವುದರ ಮೇಲೆ, ಒಂದರ ಅಂಚಿನಿಂದ ಇನ್ನೊಂದರ ಅಂಚಿಗೆ ಕನಿಷ್ಠ ಎಷ್ಟು ಅಂತರ ಎಂಬ ನಿಯಮಗಳು ಅಲ್ಲಿ ಕಟ್ಟುನಿಟ್ಟು. ಮುಂದೆ ಆ ಸಂಸ್ಥೆ ಪೂರ್ವಕ್ಕೆ ಸರಿದು ಸಿ.ವಿ. ರಾಮನ್ ನಗರದ ಬಾಗ್ಮನೆ ಟೆಕ್ ಪಾರ್ಕ್ ಸೇರಿತು. ಆ್ಯಪ್ ಬರೆಯುವವರ ಕಚೇರಿಗಳೂ ಆಮೇಲೆ ಅದೇ ದಿಕ್ಕಿನಲ್ಲಿ, ಇಂದಿರಾನಗರ, ಕೃಷ್ಣರಾಜಪುರ, ವೈಟ್‌ಫೀಲ್ಡ್ ಉದ್ದಕ್ಕೂ ಬೆಳೆದವು.

ಪದರಗಳ ಕ್ರಮ

ವ್ಯೂಗಳು ಒಂದು ವಂಶವೃಕ್ಷದಲ್ಲಿ ಕೂಡಿರುತ್ತವೆ. ಪರದೆಯೇ ಮೂಲ. ಅದರ ಮಕ್ಕಳು, ಮೊಮ್ಮಕ್ಕಳು ಕೆಳಗೆ. ಚಿತ್ರಿಸುವ ಸಾಮಾನ್ಯ ನಿಯಮ ಸರಳ: ತಾಯಿಯ ಹಿನ್ನೆಲೆ ಮೊದಲು, ಆಮೇಲೆ ಮಕ್ಕಳು ಸೇರಿಸಿದ ಕ್ರಮದಲ್ಲಿ. ಕೊನೆಗೆ ಸೇರಿದ ಮಗು ಎಲ್ಲರ ಮೇಲೆ ಕಾಣುತ್ತದೆ. ಆ್ಯಂಡ್ರಾಯ್ಡ್‌ನ ಫ್ರೇಮ್‌ಲೇಔಟ್, ಸ್ವಿಫ್ಟ್‌ಯುಐನ ಝಡ್‌ಸ್ಟ್ಯಾಕ್, ಫ್ಲಟರ್‌ನ ಸ್ಟ್ಯಾಕ್, ಕಂಪೋಸ್‌ನ ಬಾಕ್ಸ್ ಎಲ್ಲವೂ ಮಾಡುವುದು ಇದನ್ನೇ.

ಗೊಂದಲ ಶುರುವಾಗುವುದು ಈ ಕ್ರಮವನ್ನು ಸಂಖ್ಯೆಯಿಂದ ಮೀರಲು ಹೊರಟಾಗ. ಝಡ್ ಸೂಚ್ಯಂಕ ಎಂಬ ಸಂಖ್ಯೆ ದೊಡ್ಡದಿದ್ದರೆ ಆ ವ್ಯೂ ಮೇಲೆ ಬರುತ್ತದೆ, ನಿಜ. ಆದರೆ ಆ ಸ್ಪರ್ಧೆ ಒಂದೇ ತಾಯಿಯ ಮಕ್ಕಳ ನಡುವೆ ಮಾತ್ರ. ಪಟ್ಟಿಯೊಂದರ ಸಾಲಿನೊಳಗಿನ ಮೆನುವಿಗೆ 9999 ಕೊಟ್ಟರೂ, ಆ ಇಡೀ ಸಾಲನ್ನು ಮುಂದಿನ ಸಾಲು ಮುಚ್ಚುತ್ತಿದ್ದರೆ ಮೆನುವೂ ಮುಚ್ಚಿಹೋಗುತ್ತದೆ. ದೊಡ್ಡ ದೊಡ್ಡ ಸಂಖ್ಯೆಗಳು ತುಂಬಿದ ಕೋಡ್ ಕಂಡರೆ, ಅಲ್ಲಿ ವಂಶವೃಕ್ಷವೇ ತಪ್ಪಾಗಿದೆ ಎಂದು ತಿಳಿಯಬೇಕು. ಎಲ್ಲದರ ಮೇಲೆ ತೇಲಬೇಕಾದದ್ದನ್ನು ಮೂಲಕ್ಕೆ ಹತ್ತಿರ ಎತ್ತಿ ಇಡುವುದೇ ಸರಿಯಾದ ಪರಿಹಾರ.

ಆ್ಯಂಡ್ರಾಯ್ಡ್‌ನಲ್ಲಿ 2014ರ 5.0 ಆವೃತ್ತಿಯಿಂದ ಇನ್ನೊಂದು ಅಂಶ ಸೇರಿತು. ವ್ಯೂಗೆ ಎಲಿವೇಷನ್ ಎಂಬ ಎತ್ತರ ಕೊಟ್ಟರೆ ಅದಕ್ಕೆ ನೆರಳೂ ಬರುತ್ತದೆ, ಪದರದ ಕ್ರಮವೂ ಬದಲಾಗುತ್ತದೆ. ನೆರಳು ಮಾತ್ರ ಬೇಕೆಂದು ಎತ್ತರ ಕೊಟ್ಟವರು, ಪಕ್ಕದ ಬ್ಯಾಡ್ಜ್ ಏಕೆ ಮಾಯವಾಯಿತು ಎಂದು ಹುಡುಕುವುದು ಇದರಿಂದಲೇ.

ನಕ್ಷೆ ಇರುವ ಪರದೆಗಳಿಗೆ ಮತ್ತೊಂದು ವಿಶೇಷವಿದೆ. ನಕ್ಷೆ ತೋರಿಸಲು ಬಳಸಬಹುದಾದ ಆ್ಯಂಡ್ರಾಯ್ಡ್‌ನ ಸರ್ಫೇಸ್‌ವ್ಯೂ ಎಂಬುದು ಆ್ಯಪ್‌ನ ವಿಂಡೋದೊಳಗೆ ಇರುವಂತೆ ಕಂಡರೂ, ಅದರ ಚಿತ್ರ ಇರುವುದು ವಿಂಡೋದ ಹಿಂದಿನ ಬೇರೊಂದು ಮೇಲ್ಮೈಯಲ್ಲಿ. ವಿಂಡೋದಲ್ಲಿ ಒಂದು ಕಿಂಡಿ ಕೊರೆದು ಅದನ್ನು ತೋರಿಸುತ್ತಾರೆ. ವೇಗಕ್ಕೆ ಇದು ಒಳ್ಳೆಯದು. ಆದರೆ ಅದನ್ನು ಅರೆಪಾರದರ್ಶಕ ಮಾಡುವುದು, ಮೂಲೆ ದುಂಡಗೆ ಕತ್ತರಿಸುವುದು ಮುಂತಾದವು ಸಾಮಾನ್ಯ ವ್ಯೂನಷ್ಟು ಸುಲಭವಲ್ಲ. ಅಂಥ ಕಡೆ ಟೆಕ್ಸ್ಚರ್‌ವ್ಯೂ ಬಳಸಿ, ವೇಗದಲ್ಲಿ ಸ್ವಲ್ಪ ಬಿಟ್ಟುಕೊಡುವುದು ವಾಡಿಕೆ.

ಪಾರದರ್ಶಕತೆಯ ವಿಚಾರದಲ್ಲಿ ಒಂದು ಮಾತು. ತಾಯಿ ವ್ಯೂನ ಗಾಢತೆಯನ್ನು ಅರ್ಧಕ್ಕೆ ಇಳಿಸಿದಾಗ ಎರಡು ಫಲಿತಾಂಶ ಸಾಧ್ಯ. ಇಡೀ ಗುಂಪನ್ನು ಮೊದಲು ಒಂದು ಚಿತ್ರವಾಗಿ ಬರೆದು ಆಮೇಲೆ ಮಸುಕು ಮಾಡಿದರೆ ಕಾರ್ಡ್ ಒಂದೇ ಹಾಳೆಯಾಗಿ ಮಸುಕಾಗುತ್ತದೆ. ಪ್ರತಿ ಮಗುವನ್ನೂ ಬೇರೆಬೇರೆಯಾಗಿ ಮಸುಕು ಮಾಡಿದರೆ, ಬಟನ್ನಿನ ಅಡಿಯಿಂದ ಕಾರ್ಡಿನ ಗೆರೆಗಳು ಇಣುಕುತ್ತವೆ. ಮೊದಲನೆಯದು ಕಣ್ಣಿಗೆ ಸರಿ, ಆದರೆ ಅದಕ್ಕೆ ಹೆಚ್ಚುವರಿ ಮೆಮೊರಿ ಮತ್ತು ಸಮಯ ಬೇಕು.

ಸ್ಪರ್ಶ

ಚಿತ್ರಿಸುವುದು ತಳದಿಂದ ಮೇಲಕ್ಕೆ. ಸ್ಪರ್ಶವನ್ನು ಹುಡುಕುವುದು ಮೇಲಿನಿಂದ ತಳಕ್ಕೆ. ಬೆರಳು ತಾಗಿದ ಬಿಂದುವಿನಲ್ಲಿ ಎಲ್ಲಕ್ಕಿಂತ ಮೇಲಿರುವ, ಸ್ಪರ್ಶ ಒಪ್ಪುವ ವ್ಯೂಗೆ ಮೊದಲ ಹಕ್ಕು. ಹೀಗಾಗಿ ಕಾಣದ ಪದರವೂ ಅಡ್ಡ ಬರಬಹುದು: ಪೂರ್ತಿ ಪಾರದರ್ಶಕ ಬಣ್ಣ ಬಳಿದ ವ್ಯೂ ನಕ್ಷೆಯ ಮೇಲೆ ಹರಡಿದ್ದರೆ ನಕ್ಷೆ ಕಾಣುತ್ತದೆ, ಎಳೆದರೆ ಅಲುಗುವುದಿಲ್ಲ.

ಇದರ ವಿರುದ್ಧದ ದೋಷವೂ ಉಂಟು. ತಾಯಿಯ ಆಯತದಿಂದ ಹೊರಚಾಚಿದ ಮಗುವನ್ನು ಐಫೋನು ಚಿತ್ರಿಸುತ್ತದೆ, ಆದರೆ ಹೊರಚಾಚಿದ ಭಾಗಕ್ಕೆ ಸ್ಪರ್ಶ ಕೊಡುವುದಿಲ್ಲ. ತಾಯಿಯ ಗಡಿಯೊಳಗೆ ಬೆರಳು ಬಿದ್ದಿಲ್ಲದಿದ್ದರೆ ಮಕ್ಕಳನ್ನು ಕೇಳುವ ಪ್ರಶ್ನೆಯೇ ಏಳದು. ಕತ್ತರಿಕೆಯನ್ನು ಆರಿಸಿಟ್ಟರೆ ಫ್ಲಟರ್‌ನ ಸ್ಟ್ಯಾಕ್ ಕೂಡ ಹೀಗೆಯೇ ನಡೆದುಕೊಳ್ಳುತ್ತದೆ. ಕಾರ್ಡಿನ ಮೂಲೆಯಲ್ಲಿ ಅರ್ಧ ಹೊರಗೆ ಕೂತ 'ಮುಚ್ಚು' ಬಟನ್ ಒಳಭಾಗದಲ್ಲಿ ಒತ್ತಿದರೆ ಮಾತ್ರ ಮುಚ್ಚುವುದಕ್ಕೆ ಇದೇ ಕಾರಣ. ಸ್ಪರ್ಶದ ಪ್ರದೇಶ ಆಪಲ್‌ನ ಮಾರ್ಗಸೂಚಿಯಂತೆ ಕನಿಷ್ಠ 44 ಪಾಯಿಂಟ್, ಗೂಗಲ್‌ನದರಂತೆ 48 ಡಿಪಿ ಇರಬೇಕು. ಬಾರ್ಡರ್ ಅದಕ್ಕಿಂತ ಚಿಕ್ಕದಾಗಿ ಕಾಣಬಹುದು, ಸ್ಪರ್ಶದ ಆಯತ ಚಿಕ್ಕದಾಗಬಾರದು.

ಬಾರ್ಡರ್ ಯಾರ ಜಾಗದಲ್ಲಿ?

ಎರಡು ಹೊಲಗಳ ನಡುವಿನ ಬದು ಯಾರ ಜಮೀನಿನಲ್ಲಿ ಬರಬೇಕು ಎಂಬುದು ಹಳೆಯ ತಕರಾರು. ಬಾರ್ಡರ್‌ನದೂ ಅದೇ ತಕರಾರು. ಗೆರೆಗೆ ದಪ್ಪವಿದೆ, ದಪ್ಪಕ್ಕೆ ಜಾಗ ಬೇಕು. ಆ ಜಾಗ ಆಯತದ ಒಳಗಿನದೋ, ಹೊರಗಿನದೋ, ಅರ್ಧ ಅರ್ಧವೋ ಎಂಬುದಕ್ಕೆ ಒಂದೊಂದು ವ್ಯವಸ್ಥೆ ಒಂದೊಂದು ಉತ್ತರ ಕೊಡುತ್ತದೆ.

ಐಫೋನಿನಲ್ಲಿ ಪ್ರತಿ ವ್ಯೂಗೂ ಒಂದು ಲೇಯರ್ ಇರುತ್ತದೆ. ಆ ಲೇಯರ್‌ಗೆ ಬಾರ್ಡರ್ ದಪ್ಪ ಕೊಟ್ಟರೆ ಗೆರೆ ಆಯತದ ಒಳಗೇ ಬೀಳುತ್ತದೆ, ಅದೂ ವ್ಯೂನ ಬರಹ ಮತ್ತು ಉಪಪದರಗಳೆಲ್ಲದರ ಮೇಲೆ. ಅಂಚಿಗೆ ಅಂಟಿಕೊಂಡ ಮಗುವಿನ ಮೇಲೆ ತಾಯಿಯ ಗೆರೆ ಹಾಯುತ್ತದೆ. ಅಳತೆ ಲೆಕ್ಕಕ್ಕೆ ಮಾತ್ರ ಈ ಗೆರೆ ಸೇರದು, ಮಕ್ಕಳನ್ನು ಒಳಕ್ಕೆ ಸರಿಸುವುದು ಪ್ರೋಗ್ರಾಮರನ ಕೆಲಸ. ಪಾಥ್ ಒಂದನ್ನು ಎಳೆದು ಅದಕ್ಕೆ ಗೆರೆ ಬರೆಸಿದರೆ ದಪ್ಪದ ಅರ್ಧ ಒಳಗೆ, ಅರ್ಧ ಹೊರಗೆ. ಹೊರಗಿನ ಅರ್ಧ ಕತ್ತರಿಸಿಹೋದಾಗ 2 ಪಾಯಿಂಟಿನ ಗೆರೆ 1 ಪಾಯಿಂಟಾಗಿ ಕಾಣುತ್ತದೆ, ಮೂಲೆಗಳಲ್ಲಿ ಮಾತ್ರ ದಪ್ಪ ಉಳಿದು ವಿಕಾರವಾಗುತ್ತದೆ. ಸ್ವಿಫ್ಟ್‌ಯುಐನಲ್ಲಿ ಸ್ಟ್ರೋಕ್ ಬದಲು ಸ್ಟ್ರೋಕ್‌ಬಾರ್ಡರ್ ಎಂಬ ಇನ್ನೊಂದು ಆಜ್ಞೆ ಇರುವುದು ಈ ಕಾರಣಕ್ಕೆ: ಅದು ಪೂರ್ತಿ ಗೆರೆಯನ್ನು ಒಳಗೆ ಎಳೆಯುತ್ತದೆ.

ರಿಯಾಕ್ಟ್ ನೇಟಿವ್‌ನಲ್ಲಿ ಬಾರ್ಡರ್ ಒಳಗಿನ ಜಾಗವನ್ನು ತಿನ್ನುತ್ತದೆ ಮತ್ತು ಮಕ್ಕಳನ್ನೂ ಅಷ್ಟು ಒಳಕ್ಕೆ ಸರಿಸುತ್ತದೆ. ಫ್ಲಟರ್‌ನ ಕಂಟೇನರ್ ಕೂಡ ಅಲಂಕಾರದ ಗೆರೆಯಷ್ಟು ಒಳಅಂತರ ತಾನೇ ಕೊಡುತ್ತದೆ. ವೆಬ್‌ನಿಂದ ಬಂದವರಿಗೆ ಇದು ಹೊಸದಾಗಿ ಕಾಣಬಹುದು, ಏಕೆಂದರೆ ಅಲ್ಲಿ ಮೂಲ ನಿಯಮದಲ್ಲಿ ಬಾರ್ಡರ್ ದಪ್ಪ ಅಗಲಕ್ಕೆ ಕೂಡಿಕೊಳ್ಳುತ್ತದೆ. ಆಯ್ಕೆ ಮಾಡಿದ ಕಾರ್ಡಿಗೆ ಮಾತ್ರ ಗೆರೆ ಹಾಕುವ ಪರದೆಗಳಲ್ಲಿ, ಆಯ್ಕೆಯಾದ ಕೂಡಲೇ ಒಳಗಿನ ಬರಹ ಒಂದೆರಡು ಬಿಂದು ಜಿಗಿಯುವುದು ಈ ಜಾಗದ ಲೆಕ್ಕದಿಂದ. ಆಯ್ಕೆಯಾಗದ ಕಾರ್ಡಿಗೂ ಅಷ್ಟೇ ದಪ್ಪದ, ಹಿನ್ನೆಲೆಯ ಬಣ್ಣದ ಗೆರೆ ಮೊದಲೇ ಇಟ್ಟರೆ ಜಿಗಿತ ನಿಲ್ಲುತ್ತದೆ.

ಹೊಸ ವ್ಯವಸ್ಥೆಗಳಲ್ಲಿ ಬರೆಯುವ ಕ್ರಮವೇ ಅರ್ಥವನ್ನು ಬದಲಿಸುತ್ತದೆ. ಸ್ವಿಫ್ಟ್‌ಯುಐನಲ್ಲಿ ಮೊದಲು ಪ್ಯಾಡಿಂಗ್, ಆಮೇಲೆ ಬಾರ್ಡರ್ ಎಂದು ಬರೆದರೆ ಗೆರೆ ಹೊರಗೆ, ಅಂತರ ಒಳಗೆ. ಕಂಪೋಸ್‌ನಲ್ಲಿ ಅದೇ ಕ್ರಮದಲ್ಲಿ ಬರೆದರೆ ಅಂತರ ಹೊರಗೆ, ಗೆರೆ ಒಳಗೆ. ಮೊದಲನೆಯದು ಒಳಗಿನಿಂದ ಹೊರಕ್ಕೆ ಸುತ್ತುತ್ತ ಹೋಗುತ್ತದೆ, ಎರಡನೆಯದು ಹೊರಗಿನಿಂದ ಒಳಕ್ಕೆ. ಒಂದೇ ತಂಡ ಎರಡೂ ಫೋನುಗಳಿಗೆ ಬರೆಯುವ ಕಚೇರಿಗಳಲ್ಲಿ ಈ ವ್ಯತ್ಯಾಸವನ್ನು ಮೊದಲ ದಿನವೇ ಹೇಳಿಕೊಡುವುದು ಒಳ್ಳೆಯದು.

ಗೆರೆಯ ತೆಳುತನಕ್ಕೂ ಮಿತಿಯಿದೆ. ಒಂದು ಪಾಯಿಂಟಿಗೆ ಮೂರು ಪಿಕ್ಸೆಲ್ ಇರುವ ಪರದೆಯಲ್ಲಿ ಎಳೆಯಬಹುದಾದ ಅತಿ ತೆಳು ಗೆರೆ ಪಾಯಿಂಟಿನ ಮೂರನೇ ಒಂದು ಭಾಗ. ಗೆರೆಯ ಸ್ಥಾನ ಪಿಕ್ಸೆಲ್ ಗಡಿಗೆ ಕೂಡಿಬರದಿದ್ದರೆ ಅದು ಎರಡು ಪಿಕ್ಸೆಲ್‌ಗಳಿಗೆ ಹಂಚಿಹೋಗಿ ಮಂಕಾಗುತ್ತದೆ.

ನೆರಳು ಮತ್ತು ಕತ್ತರಿಕೆಯದು ಪರಸ್ಪರ ವಿರೋಧ. ದುಂಡು ಮೂಲೆಗೆ ಸರಿಯಾಗಿ ಒಳಗಿನ ಚಿತ್ರವನ್ನು ಕತ್ತರಿಸು ಎಂದರೆ ಐಫೋನಿನ ಲೇಯರ್ ಹೊರಗಿನ ನೆರಳನ್ನೂ ಕತ್ತರಿಸಿಬಿಡುತ್ತದೆ. ನೆರಳಿಗೆ ಒಂದು ಹೊರ ವ್ಯೂ, ಕತ್ತರಿಕೆಗೆ ಒಂದು ಒಳ ವ್ಯೂ ಎಂದು ಎರಡು ಪದರ ಮಾಡುವುದೇ ಇದಕ್ಕೆ ರೂಢಿಯ ಉಪಾಯ.

ಇಂದಿರಾನಗರದ ನಿಯೋಪಾಪ್

ಬಾರ್ಡರನ್ನೇ ವಿನ್ಯಾಸದ ಕೇಂದ್ರವಾಗಿಸಿದ ಒಂದು ಪ್ರಯೋಗ ಬೆಂಗಳೂರಿನ ಪೂರ್ವ ಭಾಗದಲ್ಲೇ ನಡೆದಿದೆ. 2018ರಲ್ಲಿ ಕುನಾಲ್ ಶಾ ಸ್ಥಾಪಿಸಿದ, ಇಂದಿರಾನಗರದಲ್ಲಿ ಕಚೇರಿ ಇರುವ ಕ್ರೆಡ್ ಸಂಸ್ಥೆ ಮೊದಲು ನ್ಯೂಮಾರ್ಫಿಸಂ ಎಂಬ ಶೈಲಿಯನ್ನು ತನ್ನ ಆ್ಯಪ್‌ನಲ್ಲಿ ಬಳಸಿತು. 2019ರ ಕೊನೆಯಿಂದ ವಿನ್ಯಾಸಕಾರರ ನಡುವೆ ಹರಡಿದ ಶೈಲಿ ಅದು. ಬಟನ್ ಮತ್ತು ಹಿನ್ನೆಲೆ ಎರಡಕ್ಕೂ ಒಂದೇ ಬಣ್ಣ. ಬಟನ್ನಿನ ಒಂದು ಬದಿಗೆ ತಿಳಿ ನೆರಳು, ಎದುರು ಬದಿಗೆ ಗಾಢ ನೆರಳು ಕೊಟ್ಟು ಅದು ಉಬ್ಬಿದಂತೆ ತೋರಿಸುತ್ತಾರೆ. ಬಾರ್ಡರ್ ಇಲ್ಲವೇ ಇಲ್ಲ. ಈ ಬಗೆಯ ಬಟನ್ನುಗಳನ್ನು ಕ್ರೆಡ್ 'ಸಿಂತ್' ಎಂಬ ಹೆಸರಿನಲ್ಲಿ ಇತರರ ಬಳಕೆಗೂ ಮುಕ್ತವಾಗಿ ಕೊಟ್ಟಿತು.

ಆ ಶೈಲಿ ನೋಡಲು ಮೃದು, ಆದರೆ ಬಿಸಿಲಿನಲ್ಲಿ ನಿಂತು ನೋಡುವವರಿಗೆ ಬಟನ್ ಎಲ್ಲಿ ಮುಗಿಯಿತು ಎಂದು ತಿಳಿಯುವುದು ಕಷ್ಟ. ಎರಡು ನೆರಳುಗಳ ವ್ಯತ್ಯಾಸವೇ ಅದರ ಏಕೈಕ ಅಂಚು, ಬಿಸಿಲು ಮೊದಲು ನುಂಗುವುದು ಆ ವ್ಯತ್ಯಾಸವನ್ನೇ.

ಕ್ರೆಡ್ 2022ರಲ್ಲಿ ಮುಕ್ತವಾಗಿ ಪ್ರಕಟಿಸಿದ 'ನಿಯೋಪಾಪ್' ಇದಕ್ಕೆ ಪೂರ್ತಿ ವಿರುದ್ಧ. ಐಫೋನು, ಆ್ಯಂಡ್ರಾಯ್ಡ್, ಫ್ಲಟರ್ ಮತ್ತು ವೆಬ್‌ಗೆ ಅದರ ರೂಪಗಳಿವೆ. ಮೃದು ನೆರಳಿನ ಬದಲು ಚೂಪಾದ ಅಂಚುಗಳು. ಬಟನ್ ಎಂದರೆ ಒಂದು ಮೇಲ್ಮುಖ, ಅದಕ್ಕೆ ಅಂಟಿದಂತೆ ಪಕ್ಕದಲ್ಲಿ ಮತ್ತು ಬುಡದಲ್ಲಿ ಓರೆಯಾದ ಚತುರ್ಭುಜಗಳು. ಮೇಲ್ಮುಖದ ಬಣ್ಣದಿಂದಲೇ ಪಕ್ಕದ ಅಂಚುಗಳ ಬಣ್ಣ ಹುಟ್ಟುತ್ತದೆ. ಒತ್ತಿದಾಗ ಮೇಲ್ಮುಖ ಆಳದ ಕಡೆಗೆ ಸರಿದು ಅಂಚುಗಳನ್ನು ಮುಚ್ಚುತ್ತದೆ, ಬಿಟ್ಟಾಗ ಹಿಂದಿರುಗುತ್ತದೆ. ಪದರ ಜೋಡಣೆ ಮತ್ತು ಅಂಚು ಎರಡೂ ಇಲ್ಲಿ ಒಂದೇ ಕೆಲಸವಾಗಿ ಕೂಡಿವೆ. ಅಂಚು ಬೇರೆ ಪದರವಾಗಿರುವುದರಿಂದಲೇ ಅದು ಮುಚ್ಚಿಕೊಳ್ಳಬಲ್ಲದು. ಗೆರೆಯೆಂದು ಬರೆದಿದ್ದರೆ ಈ ಚಲನೆ ಸಾಧ್ಯವಾಗುತ್ತಿರಲಿಲ್ಲ. ಎರಡು ಬಟನ್ನುಗಳು ಅಕ್ಕಪಕ್ಕ ಅಂಟಿ ನಿಂತಾಗ ಯಾರ ಅಂಚು ಕಾಣಬೇಕು, ಯಾರದು ಅಡಗಬೇಕು ಎಂದು ಪ್ರತ್ಯೇಕವಾಗಿ ಹೇಳಬೇಕಾಗುತ್ತದೆ. ವಿದ್ಯಾರ್ಥಿಗಳು ಅಂಚಿನ ಶಾಸ್ತ್ರ ಕಲಿಯಲು ಈ ಕೋಡ್ ಒಳ್ಳೆಯ ಪಠ್ಯ.

ನಕ್ಷೆಯ ಗೆರೆಗಳು

ನಕ್ಷೆಯೊಳಗೂ ಪದರಗಳಿವೆ: ನೆಲ, ಕೆರೆ, ಕಟ್ಟಡ, ರಸ್ತೆ, ಹೆಸರು. ರಸ್ತೆಗೆ ಬಾರ್ಡರ್ ಕೊಡುವ ವಿಧಾನ ಸರಳ. ಒಂದೇ ದಾರಿಯನ್ನು ಎರಡು ಸಲ ಎಳೆಯಬೇಕು: ಮೊದಲು ಅಗಲವಾದ ಗಾಢ ಗೆರೆ, ಅದರ ಮೇಲೆ ಕಿರಿದಾದ ತಿಳಿ ಗೆರೆ. ಉಳಿದ ಬದಿಗಳೇ ಬಾರ್ಡರ್. ಎಲ್ಲ ರಸ್ತೆಗಳ ಅಡಿಗೆರೆಯನ್ನು ಮೊದಲು, ಎಲ್ಲ ಮೇಲ್ಗೆರೆಗಳನ್ನು ಆಮೇಲೆ ಬರೆದರೆ ಕೂಡುರಸ್ತೆಗಳು ಬಿಚ್ಚಿದಂತೆ ಕಾಣುತ್ತವೆ. ರಸ್ತೆಗೊಂದರಂತೆ ಎರಡನ್ನೂ ಬರೆಯುತ್ತ ಹೋದರೆ ಪ್ರತಿ ಕೂಡಿನಲ್ಲೂ ಒಂದು ಗೆರೆ ಅಡ್ಡ ಬೀಳುತ್ತದೆ. ಕೃಷ್ಣರಾಜಪುರದ ತೂಗುಸೇತುವೆಯಂಥ ಕಡೆ, ರಸ್ತೆ ನಿಜಕ್ಕೂ ಮೇಲೆ ಹಾಯುವುದರಿಂದ, ಆ ಅಡ್ಡಗೆರೆ ಬೇಕೇ ಬೇಕು. ಅಲ್ಲಿ ಸೇತುವೆಯನ್ನು ಬೇರೆ ಪದರಕ್ಕೆ ಎತ್ತುತ್ತಾರೆ.

ಮೆಟ್ರೊ ನೇರಳೆ ಮಾರ್ಗ ಇನ್ನೊಂದು ಪಾಠ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯ ತನಕದ ಭಾಗ 2011ರ ಅಕ್ಟೋಬರ್ 20ರಂದು ಶುರುವಾಯಿತು. ವೈಟ್‌ಫೀಲ್ಡ್‌ನಿಂದ ಕೃಷ್ಣರಾಜಪುರದ ತನಕದ ಭಾಗ 2023ರ ಮಾರ್ಚ್‌ನಲ್ಲಿ ತೆರೆಯಿತು. ನಡುವಿನ ಬೈಯಪ್ಪನಹಳ್ಳಿ–ಕೃಷ್ಣರಾಜಪುರ ತುಂಡು ಕೂಡಿಕೊಂಡದ್ದು ಆ ವರ್ಷದ ಅಕ್ಟೋಬರ್ 9ರಂದು. ಆ ತಿಂಗಳುಗಳಲ್ಲಿ ಇಡೀ ಮಾರ್ಗವನ್ನು ಒಂದೇ ಗೆರೆಯಾಗಿ ಬರೆದ ನಕ್ಷೆ ಪ್ರಯಾಣಿಕರಿಗೆ ಸುಳ್ಳು ಹೇಳಿದಂತೆ. ಓಡುವ ಭಾಗಕ್ಕೆ ತುಂಬುಗೆರೆ, ಕೆಲಸ ನಡೆಯುತ್ತಿರುವ ಭಾಗಕ್ಕೆ ತುಂಡುಗೆರೆ ಎಂದು ಬೇರೆಬೇರೆ ಇಟ್ಟುಕೊಂಡವರು ಅಕ್ಟೋಬರ್‌ನಲ್ಲಿ ಒಂದು ತುಂಡಿನ ಶೈಲಿ ಮಾತ್ರ ಬದಲಿಸಿದರೆ ಸಾಕಿತ್ತು.

ಆಡಳಿತದ ಗಡಿಗಳನ್ನು ಬರೆಯುವಾಗ ಇನ್ನಷ್ಟು ಎಚ್ಚರ ಬೇಕು. 1809ರಲ್ಲಿ ನೆಲೆಗೊಂಡ ದಂಡು ಪ್ರದೇಶ ಪೇಟೆಯಿಂದ ಪ್ರತ್ಯೇಕ ಆಡಳಿತದಲ್ಲಿದ್ದು, ಎರಡೂ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರಪಾಲಿಕೆಗಳು ಬಂದಾಗ ಶಿವಾಜಿನಗರ ಕೇಂದ್ರ ಪಾಲಿಕೆಗೂ ಕೃಷ್ಣರಾಜಪುರ ಪೂರ್ವ ಪಾಲಿಕೆಗೂ ಸೇರಿದವು. ಅಕ್ಕಪಕ್ಕದ ಎರಡು ಪ್ರದೇಶಗಳನ್ನು ಎರಡು ಬಹುಭುಜಗಳಾಗಿ ಬರೆದು ಎರಡಕ್ಕೂ ಬಾರ್ಡರ್ ಕೊಟ್ಟರೆ ನಡುವಿನ ಗಡಿ ಎರಡು ಸಲ ಬೀಳುತ್ತದೆ. ಗೆರೆ ಅರೆಪಾರದರ್ಶಕವಾಗಿದ್ದರೆ ಅಲ್ಲಿ ಮಾತ್ರ ಗಾಢವಾಗುತ್ತದೆ. ಬಣ್ಣ ತುಂಬುವುದಕ್ಕೆ ಬಹುಭುಜಗಳನ್ನೂ ಗಡಿಗೆ ಒಂದೇ ಸಲ ಎಳೆದ ಗೆರೆಗಳನ್ನೂ ಬೇರೆಬೇರೆ ಪದರಗಳಲ್ಲಿ ಇಡುವುದು ಸರಿಯಾದ ಕ್ರಮ. ಗೂಗಲ್ ನಕ್ಷೆಯಲ್ಲಿ ಇಂಥ ಗೆರೆಯ ದಪ್ಪ ಪರದೆಯ ಪಿಕ್ಸೆಲ್ ಲೆಕ್ಕದ್ದು, ನಕ್ಷೆಯನ್ನು ಹಿಗ್ಗಿಸಿದರೂ ಬದಲಾಗದು. ಇಡೀ ನಗರ ಕಾಣುವಾಗ ಹತ್ತು ಪಿಕ್ಸೆಲ್ ಗಡಿ ಒಂದೆರಡು ಬೀದಿಗಳನ್ನೇ ನುಂಗಬಹುದು.

ಕನ್ನಡ ಅಕ್ಷರ ಮತ್ತು ಅಂಚು

ಈ ವಿಷಯದಲ್ಲಿ ಕನ್ನಡಿಗರಿಗೆ ಅತಿ ಮುಖ್ಯವಾದದ್ದು ಇದು. ಪರದೆಯ ಅಳತೆಗಳನ್ನು ಹೆಚ್ಚಾಗಿ ರೋಮನ್ ಲಿಪಿ ಎದುರಿಗಿಟ್ಟುಕೊಂಡು ನಿಗದಿ ಮಾಡುತ್ತಾರೆ. 14 ಅಳತೆಯ ಅಕ್ಷರ, 16ರ ಸಾಲೆತ್ತರ, 20ರ ಪೆಟ್ಟಿಗೆ. ಕನ್ನಡದಲ್ಲಿ ಗುಡಿಸು ಮೇಲಕ್ಕೆ ಏರುತ್ತದೆ, ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ, ವಟ್ರಸುಳಿ ಕೆಳಗೆ ಬಲಕ್ಕೆ ಬಾಗುತ್ತದೆ. 'ರಾಷ್ಟ್ರ'ದಂಥ ಪದದಲ್ಲಿ ಒಂದರ ಜೊತೆ ಇನ್ನೊಂದು ಒತ್ತು ಬರುತ್ತದೆ. ಬಿಗಿಯಾದ ಬಾರ್ಡರ್ ಇವುಗಳ ಮೇಲೆ ಹಾಯುತ್ತದೆ, ಕತ್ತರಿಕೆ ಚಾಲೂ ಇದ್ದರೆ ಒತ್ತೇ ಮಾಯವಾಗುತ್ತದೆ. 'ಬೈಯಪ್ಪನಹಳ್ಳಿ'ಯ ಎರಡು ಒತ್ತುಗಳು ಹೋದರೆ ಉಳಿಯುವುದು 'ಬೈಯಪನಹಳಿ'.

ನೇರಳೆ ಮಾರ್ಗದ ಪೂರ್ವದ ನಿಲ್ದಾಣಗಳನ್ನೇ ಪರೀಕ್ಷೆಗೆ ಇಟ್ಟುಕೊಳ್ಳಬಹುದು. 'ಹಲಸೂರು', 'ಇಂದಿರಾನಗರ' ಇವೆರಡರಲ್ಲಿ ಒಂದೂ ಒತ್ತಿಲ್ಲ. 'ಶಿವಾಜಿನಗರ'ದಲ್ಲೂ ಇಲ್ಲ. ಈ ಹೆಸರುಗಳನ್ನು ಹಾಕಿ ನೋಡಿದ ಪೆಟ್ಟಿಗೆ ಸರಿಯಾಗಿಯೇ ಕಾಣುತ್ತದೆ. 'ಕೃಷ್ಣರಾಜಪುರ', 'ಬೆನ್ನಿಗಾನಹಳ್ಳಿ', 'ಸ್ವಾಮಿ ವಿವೇಕಾನಂದ ರಸ್ತೆ', 'ಟ್ರಿನಿಟಿ', 'ಮಹಾತ್ಮ ಗಾಂಧಿ ರಸ್ತೆ', 'ಕಬ್ಬನ್ ಪಾರ್ಕ್' ಹಾಕಿದಾಗ ದೋಷ ಹೊರಬೀಳುತ್ತದೆ. ಕನ್ನಡ ಪರದೆಯನ್ನು ಒಪ್ಪುವ ಮುನ್ನ 'ಕೃಷ್ಣರಾಜಪುರ' ಎಂಬ ಒಂದು ಹೆಸರನ್ನಾದರೂ ಪ್ರತಿ ಪೆಟ್ಟಿಗೆಯಲ್ಲಿ ಕೂರಿಸಿ ನೋಡಬೇಕು. ಅದರಲ್ಲಿ ವಟ್ರಸುಳಿಯೂ ಇದೆ, ಒತ್ತೂ ಇದೆ.

ಇದರ ಹಿಂದೆ ಆ್ಯಂಡ್ರಾಯ್ಡ್‌ನ ಒಂದು ಚರಿತ್ರೆಯಿದೆ. ಕನ್ನಡ ಅಕ್ಷರಗಳು ಸರಿಯಾಗಿ ಮೂಡುವ ಬೆಂಬಲ ಅದಕ್ಕೆ ಬಂದದ್ದು 2012ರ 4.1 ಆವೃತ್ತಿಯಲ್ಲಿ. ಮುಂದೆ ನೋಟೋ ಸಾನ್ಸ್ ಕನ್ನಡ ಅಕ್ಷರಶೈಲಿಗೆ ಎರಡು ರೂಪ ಬಂದವು: ಓದಿಗೆ ಒಂದು, ಪರದೆಯ ಬಟನ್ನು ಪಟ್ಟಿಗಳಿಗೆ 'ಯುಐ' ಎಂಬ ಹೆಸರಿನ ಮತ್ತೊಂದು. ಎರಡನೆಯದರಲ್ಲಿ ಅಕ್ಷರವನ್ನು ಎತ್ತರದಲ್ಲಿ ಬಿಗಿಹಿಡಿದು, ರೋಮನ್ ಲೆಕ್ಕದ ಪೆಟ್ಟಿಗೆಯಲ್ಲಿ ಹಿಡಿಸುವಂತೆ ಮಾಡಿದ್ದರು. ಪೆಟ್ಟಿಗೆಗೆ ತಕ್ಕಂತೆ ಅಕ್ಷರವನ್ನು ಕುಗ್ಗಿಸಿದ ಈ ಪರಿಹಾರ ಬಹುಕಾಲ ನಡೆಯಿತು. 2018ರ ಆವೃತ್ತಿ 9ರಲ್ಲಿ, ಬರಹದಲ್ಲಿ ನಿಜವಾಗಿ ಬಳಕೆಯಾದ ಬದಲಿ ಅಕ್ಷರಶೈಲಿಯ ಎತ್ತರವನ್ನು ಸಾಲಿನ ಅಳತೆಗೆ ಸೇರಿಸುವ ವ್ಯವಸ್ಥೆ ಬಂತು. 2024ರ ಆವೃತ್ತಿ 15ಕ್ಕೆ ಬರೆದ ಆ್ಯಪ್‌ಗಳಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳ, ಗುಜರಾತಿ, ಒಡಿಯಾ ಮುಂತಾದ ಲಿಪಿಗಳಿಗೆ ಪೂರ್ಣ ಎತ್ತರದ ರೂಪವೇ ಮೂಲ ಆಯ್ಕೆಯಾಯಿತು. 2025ರ ಆವೃತ್ತಿ 16ರಲ್ಲಿ ಅದನ್ನು ತಪ್ಪಿಸುವ ದಾರಿಯನ್ನೂ ಮುಚ್ಚಿದರು. ಇನ್ನು ಮುಂದೆ ಪೆಟ್ಟಿಗೆಯೇ ಅಕ್ಷರಕ್ಕೆ ಹೊಂದಿಕೊಳ್ಳಬೇಕು. ಇದು ನ್ಯಾಯವಾದ ತಿರುವು. ಹಳೆಯ ಅಳತೆಯ ಆ್ಯಪ್‌ಗಳಲ್ಲಿ ಇದರಿಂದ ಸಾಲುಗಳು ಎತ್ತರವಾಗಿ, ಪೆಟ್ಟಿಗೆಗಳು ತುಳುಕುವುದೂ ಇದೆ. ಅದನ್ನು ತಿದ್ದುವುದು ಆ್ಯಪ್ ಬರೆಯುವವರ ಹೊಣೆ.

ಕೆಲಸದ ನಿಯಮಗಳು ಕೆಲವು. ಬರಹವಿರುವ ಪೆಟ್ಟಿಗೆಗೆ ನಿಗದಿತ ಎತ್ತರ ಕೊಡಬಾರದು, ಕನಿಷ್ಠ ಎತ್ತರ ಮತ್ತು ಒಳಅಂತರ ಕೊಡಬೇಕು. ಸಾಲೆತ್ತರವನ್ನು ಸಂಖ್ಯೆಯಲ್ಲಿ ಬಿಗಿಯಬಾರದು: ಬಿಗಿದರೆ ಮೇಲಿನ ಸಾಲಿನ ಒತ್ತು ಕೆಳಸಾಲಿನ ಗುಡಿಸಿಗೆ ತಾಗುತ್ತದೆ. ಒತ್ತಿಲ್ಲದ 'ಹಲಸೂರು' ಪೆಟ್ಟಿಗೆಯೊಳಗೆ ಸ್ವಲ್ಪ ಮೇಲೆ ಕೂತಂತೆ ಕಂಡರೆ ಅದನ್ನು ಕೆಳಗೆ ತಳ್ಳುವ ಆಸೆಗೆ ಬೀಳಬಾರದು. ಪಕ್ಕದ 'ಬೈಯಪ್ಪನಹಳ್ಳಿ'ಯ ಜೊತೆ ಅಕ್ಷರದ ಅಡಿಗೆರೆ ತಪ್ಪಿದರೆ ಇಡೀ ಸಾಲು ಏರಿಳಿದಂತೆ ಕಾಣುತ್ತದೆ. ಮಾತ್ರೆಯಾಕಾರದ ಬಾರ್ಡರ್‌ಗೆ 'ಎತ್ತರದ ಅರ್ಧ' ಎಂದು ಮೂಲೆಯ ತ್ರಿಜ್ಯ ಕೊಟ್ಟಿದ್ದರೆ, 'ಸ್ವಾಮಿ ವಿವೇಕಾನಂದ ರಸ್ತೆ' ಎರಡು ಸಾಲಾದಾಗ ತ್ರಿಜ್ಯ ದೊಡ್ಡದಾಗಿ ಮೊದಲ ಅಕ್ಷರವನ್ನು ಮೂಲೆ ಕಚ್ಚುತ್ತದೆ. ತ್ರಿಜ್ಯ ಸ್ಥಿರವಾಗಿರಲಿ. ಆ್ಯಂಡ್ರಾಯ್ಡ್ 14ರಿಂದ ಬಳಕೆದಾರರು ಅಕ್ಷರವನ್ನು 200 ಪ್ರತಿಶತದ ತನಕ ದೊಡ್ಡದು ಮಾಡಬಹುದು. ಹಿರಿಯರು ಆ ಸೌಲಭ್ಯ ಬಳಸುತ್ತಾರೆ. ಕನ್ನಡವನ್ನು ಆ ಅಳತೆಯಲ್ಲಿಟ್ಟು ನೋಡದ ಪರದೆ ಅವರಿಗೆ ಸಿಗದ ಪರದೆ.

ಕ್ಯೂಆರ್ ಟಿಕೆಟ್

ಬಾರ್ಡರ್ ಇರಬಾರದ ಜಾಗವೂ ಒಂದಿದೆ. ನಮ್ಮ ಮೆಟ್ರೊ 2022ರ ನವೆಂಬರ್ 1ರಂದು ಮೊಬೈಲ್ ಕ್ಯೂಆರ್ ಟಿಕೆಟ್ ಶುರುಮಾಡಿತು. ಕ್ಯೂಆರ್ ಮಾದರಿಯ ಸುತ್ತ ಅದರ ನಾಲ್ಕು ಚೌಕಗಳಷ್ಟು ಅಗಲದ ಖಾಲಿ ಬಿಳಿ ಅಂಚು ಇರಬೇಕೆಂದು ಅಂತರರಾಷ್ಟ್ರೀಯ ಮಾನದಂಡವೇ ಹೇಳುತ್ತದೆ. ಆ ಬಿಳಿಯಲ್ಲಿ ಗಾಢ ಬಾರ್ಡರ್ ಎಳೆದರೆ, ನಿಲ್ದಾಣದ ಲಾಂಛನ ತೇಲಿಸಿದರೆ, ಗೇಟಿನ ಓದುಗಕ್ಕೆ ಮಾದರಿ ಎಲ್ಲಿ ಶುರುವಾಯಿತೆಂದು ತಿಳಿಯುವುದು ಕಷ್ಟವಾಗುತ್ತದೆ. ಕಪ್ಪು ಹಿನ್ನೆಲೆಯ ಥೀಮ್ ಹಾಕಿಕೊಂಡವರ ಫೋನಿನಲ್ಲಿ ಈ ತೊಂದರೆ ಹೆಚ್ಚು, ಏಕೆಂದರೆ ಸುತ್ತಲಿನ ಬಿಳಿಯೇ ಕಪ್ಪಾಗಿಬಿಡುತ್ತದೆ. ಕ್ಯೂಆರ್ ಅಡಿಗೆ ಥೀಮ್‌ಗೆ ಬಗ್ಗದ ಬಿಳಿ ಪದರವೊಂದನ್ನು ಹಾಸಿ, ಬಾರ್ಡರ್ ಬೇಕೆಂದರೆ ಅದರ ಆಚೆಗೆ ಎಳೆಯಬೇಕು.

ವೇಗ ಮತ್ತು ತಪಾಸಣೆ

ಸೆಕೆಂಡಿಗೆ 60 ಸಲ ಬದಲಾಗುವ ಪರದೆಯಲ್ಲಿ ಒಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್, 120 ಸಲದ ಪರದೆಯಲ್ಲಿ 8.3. ಒಂದೇ ಪಿಕ್ಸೆಲ್‌ಗೆ ಮೇಲಿಂದ ಮೇಲೆ ಬಣ್ಣ ಬಳಿಯುವುದು ಈ ಸಮಯವನ್ನು ತಿನ್ನುತ್ತದೆ. ಆ್ಯಂಡ್ರಾಯ್ಡ್‌ನ ಡೆವಲಪರ್ ಆಯ್ಕೆಗಳಲ್ಲಿ ಇದನ್ನು ಬಣ್ಣದಲ್ಲಿ ತೋರಿಸುವ ಸೌಲಭ್ಯವಿದೆ: ಒಂದು ಸಲ ಹೆಚ್ಚಾಗಿ ಬಳಿದಲ್ಲಿ ನೀಲಿ, ಎರಡಕ್ಕೆ ಹಸಿರು, ಮೂರಕ್ಕೆ ಗುಲಾಬಿ, ನಾಲ್ಕು ಮತ್ತು ಮೇಲ್ಪಟ್ಟರೆ ಕೆಂಪು. ಪರದೆಗೂ ಪಟ್ಟಿಗೂ ಸಾಲಿಗೂ ಒಂದೇ ಬಿಳಿ ಬಳಿದಿರುವುದು ಕೆಂಪಿಗೆ ಸಾಮಾನ್ಯ ಕಾರಣ. ಕಡಿಮೆ ಬೆಲೆಯ ಫೋನು ಹಿಡಿದವರಿಗೆ ಇದರ ಹೊರೆ ಮೊದಲು ತಟ್ಟುತ್ತದೆ. ಎಕ್ಸ್‌ಕೋಡ್‌ನಲ್ಲಿ ಪದರಗಳನ್ನು ಬಿಡಿಸಿ ಮೂರು ಆಯಾಮದಲ್ಲಿ ತಿರುಗಿಸಿ ನೋಡುವ ಸಾಧನವಿದೆ, ಆ್ಯಂಡ್ರಾಯ್ಡ್ ಸ್ಟುಡಿಯೊದಲ್ಲಿ ಲೇಔಟ್ ಇನ್‌ಸ್ಪೆಕ್ಟರ್ ಇದೆ. ಕಾಣೆಯಾದ ಬಟನ್ ಯಾವ ಪದರದ ಹಿಂದಿದೆ ಎಂದು ಊಹಿಸುತ್ತ ಕೂರುವುದಕ್ಕಿಂತ ಇವನ್ನು ತೆರೆದು ನೋಡುವುದು ಮೇಲು.

ಕಾಣದವರಿಗೆ, ಕಡಿಮೆ ಕಾಣುವವರಿಗೆ

ವೆಬ್ ಎಟುಕಿನ ಮಾರ್ಗಸೂಚಿಯ 2018ರ ಆವೃತ್ತಿ 2.1, ಬಟನ್ ಅಥವಾ ಬರೆಯುವ ಪೆಟ್ಟಿಗೆಯನ್ನು ಗುರುತಿಸಲು ಬೇಕಾದ ಗೆರೆ ಮತ್ತು ಅದರ ಪಕ್ಕದ ಬಣ್ಣದ ನಡುವೆ ಕನಿಷ್ಠ 3:1 ವ್ಯತ್ಯಾಸ ಕೇಳುತ್ತದೆ. ಬಿಳಿಯ ಮೇಲೆ ತಿಳಿಬೂದು ಬಾರ್ಡರ್ ಇಂದು ಎಲ್ಲೆಡೆ ಕಾಣುವ ಶೈಲಿ. ಅದು ಈ ಅಳತೆಯನ್ನು ಮುಟ್ಟುವುದು ವಿರಳ. ತಪ್ಪನ್ನು ಕೆಂಪು ಬಾರ್ಡರ್‌ನಿಂದ ಮಾತ್ರ ತೋರಿಸಿದರೆ ಬಣ್ಣ ಗುರುತಿಸಲಾರದವರಿಗೆ ಏನೂ ತಿಳಿಯದು. ಗೆರೆಯ ದಪ್ಪ ಬದಲಾಗಬೇಕು, ಪಕ್ಕದಲ್ಲಿ ಕನ್ನಡದಲ್ಲಿ ಒಂದು ಮಾತೂ ಇರಬೇಕು.

ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಮತ್ತು ವಾಯ್ಸ್‌ಓವರ್‌ಗೆ ಪದರದ ಮೇಲೆ-ಕೆಳಗೆ ತಾನಾಗಿ ಅರ್ಥವಾಗುವುದಿಲ್ಲ. ಅವು ಓದುವುದು ವ್ಯೂಗಳ ವಂಶವೃಕ್ಷವನ್ನು. ದರ ತೋರಿಸುವ ಕಾರ್ಡ್ ಏರಿಬಂದು ನಕ್ಷೆಯನ್ನು ಮುಚ್ಚಿದ ಮೇಲೂ, ಅಡಿಯಲ್ಲಿರುವ ಪಿನ್ನುಗಳನ್ನೂ ಬಟನ್ನುಗಳನ್ನೂ ಅವು ಓದುತ್ತ ಹೋಗಬಹುದು. ಕೇಳುತ್ತಿರುವವರು ಕಾಣದ ಬಟನ್ನನ್ನು ಒತ್ತಿಬಿಡಬಹುದು. ಮೇಲಿನ ಪದರ ತೆರೆದಿರುವಷ್ಟು ಹೊತ್ತು ಅಡಿಯ ಪದರವನ್ನು ಓದುವ ಪಟ್ಟಿಯಿಂದ ತೆಗೆದಿಡಬೇಕು, ಗಮನವನ್ನು ಕಾರ್ಡಿನ ಮೊದಲ ಸಾಲಿಗೆ ತರಬೇಕು, ಕಾರ್ಡ್ ಮುಚ್ಚಿದಾಗ ಅದನ್ನು ತೆರೆದ ಬಟನ್ನಿಗೇ ಗಮನವನ್ನು ಹಿಂದಿರುಗಿಸಬೇಕು.